ಚೀಲದೊಳಗೆ ಏನಿದೆ ಎಂದು ನೋಡುವವರು ಯಾರು?

(ಮುಧೋಳದಲ್ಲಿ ನಾಯಿ ಸಾಕಣೆದಾರರು, ಹೈನುಗಾರರು ಮತ್ತು ಹಿಂಡಿ-ಬೂಸಾ ವ್ಯಾಪಾರಸ್ಥರ ಮುಂದೆ ಆಡಿದ ಮಾತಿನ ಬರಹ ರೂಪ)

ಎಲ್ಲರಿಗೂ ಶರಣಾರ್ಥಿಗಳು.

ಈ ಸಭೆಯಲ್ಲಿ ಮುಧೋಳ ನಾಯಿ ಸಾಕುವವರಿದ್ದೀರಿ, ಎಮ್ಮೆ-ಆಕಳು ಕಟ್ಟಿ ಡೇರಿಗೆ ಹಾಲು ಹಾಕುವ ತಾಯಂದಿರಿದ್ದೀರಿ, ಹಿಂಡಿ ಮಾರುವವರೂ ಸಣ್ಣ ಮಿಲ್ಲು ನಡೆಸುವವರೂ ಇದ್ದೀರಿ. ಸಾಮಾನ್ಯವಾಗಿ ಈ ಮೂರು ಗುಂಪು ಒಂದೇ ಜಮಖಾನೆಯ ಮೇಲೆ ಕೂರುವುದಿಲ್ಲ. ಆದರೆ ನಾಯಿಯ ತಟ್ಟೆಗೆ ಬೀಳುವ ನುಚ್ಚು, ಎಮ್ಮೆಯ ಬಾನಿಗೆ ಬೀಳುವ ಹಿಂಡಿ, ಮಿಲ್ಲಿನಲ್ಲಿ ಅರೆಯುವ ಗೋವಿನಜೋಳ ಎಲ್ಲ ಬರುವುದು ಅದೇ ಹೊಲದಿಂದ, ಅದೇ ಅಡತಿ ಅಂಗಡಿಯಿಂದ. ಒಂದು ಕಡೆ ವಿಷ ಸೇರಿದರೆ ಮೂರೂ ಕಡೆ ಹೋಗುತ್ತದೆ.

ಇದು ಊಹೆಯ ಮಾತಲ್ಲ. 1974ರಲ್ಲಿ ರಾಜಸ್ಥಾನದ ಬಾಂಸವಾಡಾ, ಗುಜರಾತಿನ ಪಂಚಮಹಲ್ ಜಿಲ್ಲೆಗಳಲ್ಲಿ ಗೋವಿನಜೋಳದ ರಾಶಿಯ ಹೊತ್ತಿಗೆ ಅಕಾಲ ಮಳೆ ಹಿಡಿಯಿತು. ತೊಯ್ದ ಕಾಳಿಗೆ ಬೂಷ್ಟು ಬಂತು. ಬೇರೆ ಕಾಳಿಲ್ಲದ ಬಡವರು ಅದನ್ನೇ ಬೀಸಿ ರೊಟ್ಟಿ ಮಾಡಿ ತಿಂದರು. ಕಾಮಾಲೆ ಹತ್ತಿತು, ಹೊಟ್ಟೆಯಲ್ಲಿ ನೀರು ತುಂಬಿತು. ಲೆಕ್ಕಕ್ಕೆ ಸಿಕ್ಕ 397 ರೋಗಿಗಳಲ್ಲಿ 106 ಮಂದಿ ತೀರಿಕೊಂಡರು. ಆ ಮನೆಗಳ ರೊಟ್ಟಿ ತಿಂದ ನಾಯಿಗಳೂ ಅದೇ ರೋಗದಿಂದ ಸತ್ತವು. ಬೂಷ್ಟಿನ ವಿಷ ಮನುಷ್ಯರ ಜೀವ ತೆಗೆದ ದೊಡ್ಡ ಪ್ರಕರಣಗಳಲ್ಲಿ ಇದೂ ಒಂದು. ಮನೆಯವರು, ನಾಯಿ, ಕಾಳು ಮೂರನ್ನೂ ಒಟ್ಟಿಗೆ ನೋಡಿದ್ದರಿಂದಲೇ ಕಾರಣ ಹಿಡಿಯುವುದು ಸಾಧ್ಯವಾಯಿತು.

ಈಗ 2007ಕ್ಕೆ ಬರೋಣ. ಸಾಕುಪ್ರಾಣಿಗಳ ಆಹಾರದ ಮೇಲೆ ಸರ್ಕಾರ ಎಷ್ಟು ಕಣ್ಣಿಡಬೇಕು ಎಂಬ ಚರ್ಚೆ ಅಮೆರಿಕದಲ್ಲಿ ಕಾವೇರಿದ್ದು ಆ ವರ್ಷ. ಮೆನು ಫುಡ್ಸ್ ಎಂಬ ಕೆನಡಾದ ಕಂಪನಿ ನಾಯಿ-ಬೆಕ್ಕುಗಳಿಗೆ ಡಬ್ಬಿ, ಪೌಚುಗಳಲ್ಲಿ ತೇವದ ಆಹಾರ ತಯಾರಿಸುತ್ತಿತ್ತು. ಫೆಬ್ರವರಿ 20ರಂದು ಮೊದಲ ದೂರು ಬಂತು: ನಮ್ಮ ಪ್ರಾಣಿಗೆ ಕಿಡ್ನಿ ಹೋಗಿದೆ ಎಂದು. ರುಚಿ ನೋಡಲು ಕಂಪನಿ ಇಟ್ಟುಕೊಂಡಿದ್ದ ಬೆಕ್ಕುಗಳೂ ಸಾಯತೊಡಗಿದವು. ಮಾರ್ಚ್ 16ರಂದು ಮಾಲು ವಾಪಸ್ ಪಡೆಯುವ ಘೋಷಣೆ ಹೊರಬಿತ್ತು. ಲೆಕ್ಕ 6 ಕೋಟಿ ಡಬ್ಬಿ-ಪೌಚುಗಳನ್ನು ದಾಟಿತು. ಒಬ್ಬರು ದುಬಾರಿ ಹೆಸರಿನದು ಕೊಂಡಿದ್ದರು, ಇನ್ನೊಬ್ಬರು ಅಗ್ಗದ್ದು. ಒಳಗಿನ ಮಾಲು ಒಂದೇ ಕಂಪನಿಯದು, ಬೆರೆಸಿದ ಪುಡಿಯೂ ಒಂದೇ. ‘ಗ್ರಾಹಕ ಒಳ್ಳೆಯ ಬ್ರಾಂಡ್ ಆರಿಸಿಕೊಳ್ಳುತ್ತಾನೆ, ಕೆಟ್ಟದ್ದು ತಾನೇ ಮುಚ್ಚಿಹೋಗುತ್ತದೆ’ ಎಂಬ ವಾದವನ್ನು ಈ ಒಂದು ಸಂಗತಿಯ ಮುಂದಿಟ್ಟು ನೋಡಿ. ಆರಿಸಿಕೊಳ್ಳಲು ಅಲ್ಲಿ ಏನೂ ಇರಲಿಲ್ಲ. ಇದ್ದದ್ದು ಬೇರೆ ಬೇರೆ ಚೀಟಿ ಮಾತ್ರ.

ಆ ಪುಡಿ ಚೀನಾದಿಂದ ಗೋಧಿ ಗ್ಲುಟೆನ್ ಎಂಬ ಹೆಸರಿನಲ್ಲಿ ಬಂದಿತ್ತು. ಗೋಧಿ ಹಿಟ್ಟಿನ ಉಂಡೆಯನ್ನು ನೀರಿನಲ್ಲಿ ತಿಕ್ಕಿ ತಿಕ್ಕಿ ತೊಳೆದರೆ ಬಿಳಿ ಗಂಜಿ ಹರಿದುಹೋಗಿ ರಬ್ಬರಿನಂಥ ಅಂಟು ಉಳಿಯುತ್ತದಲ್ಲ, ಅದೇ ಗ್ಲುಟೆನ್. ಅದರಲ್ಲಿ ಮುಕ್ಕಾಲು ಪಾಲು ಪ್ರೋಟೀನು, ಹಾಗಾಗಿ ಬೆಲೆ ಹೆಚ್ಚು. ಪರೀಕ್ಷಿಸಿದಾಗ ಅದು ಗ್ಲುಟೆನ್ನೇ ಆಗಿರಲಿಲ್ಲ. ಬರೀ ಗೋಧಿ ಹಿಟ್ಟು, ಅದಕ್ಕೆ ಬೆರೆಸಿದ ಮೆಲಮೈನ್. ಹೋಟೆಲುಗಳಲ್ಲಿ ಬಿದ್ದರೂ ಒಡೆಯದ ತಟ್ಟೆಗಳಿವೆಯಲ್ಲ, ಅವನ್ನು ಮಾಡುವ ರಾಸಾಯನಿಕ ಅದು.

ಹಿಟ್ಟಿಗೆ ತಟ್ಟೆಯ ಪುಡಿ ಯಾಕೆ ಬೆರೆಸಬೇಕು? ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ನಮ್ಮ ಹಿಂಡಿ ಚೀಲದ ಮೋಸವೂ ಇದೇ ದಾರಿಯಲ್ಲಿ ನಡೆಯುತ್ತದೆ.

ಚೀಲದ ಮೇಲೆ ‘ಕಚ್ಚಾ ಪ್ರೋಟೀನ್ 20 ಪ್ರತಿಶತ’ ಎಂದು ಅಚ್ಚಾಗಿರುತ್ತದೆ. ಆದರೆ ಹಳೆಯ, ಅಗ್ಗದ, ಎಲ್ಲ ಕಡೆ ನಡೆಯುವ ಪರೀಕ್ಷೆ ಪ್ರೋಟೀನನ್ನು ಅಳೆಯುವುದೇ ಇಲ್ಲ. ಒಂದು ಗ್ರಾಂನಷ್ಟು ಪುಡಿಯನ್ನು ಉದ್ದ ಕತ್ತಿನ ಗಾಜಿನ ಬುರುಡೆಗೆ ಹಾಕಿ, ಗಟ್ಟಿ ಗಂಧಕಾಮ್ಲ ಸುರಿದು, ಕಪ್ಪು ರಾಡಿ ತಿಳಿಯಾಗುವವರೆಗೆ ಕುದಿಸುತ್ತಾರೆ. ಆಮೇಲೆ ಕ್ಷಾರ ಹಾಕಿ ಹೊರಬರುವ ಅಮೋನಿಯಾವನ್ನು ಹಿಡಿದು ಅಳೆಯುತ್ತಾರೆ. ಅದರಿಂದ ಸಿಗುವುದು ಸಾರಜನಕದ ಲೆಕ್ಕ. ಪ್ರೋಟೀನಿನಲ್ಲಿ ಸರಾಸರಿ 16 ಪ್ರತಿಶತ ಸಾರಜನಕ ಇರುತ್ತದೆಂದು ಹಿಡಿದು, ಬಂದ ಅಂಕಿಯನ್ನು 6.25ರಿಂದ ಗುಣಿಸಿ ‘ಪ್ರೋಟೀನ್’ ಎಂದು ಬರೆಯುತ್ತಾರೆ. ಸಾರಜನಕ ಬೇಳೆಯಿಂದ ಬಂತೋ ಗೊಬ್ಬರದಿಂದ ಬಂತೋ ಆ ಬುರುಡೆಗೆ ಗೊತ್ತಾಗುವುದಿಲ್ಲ.

ಮೆಲಮೈನಿನ ತೂಕದಲ್ಲಿ 66.6 ಪ್ರತಿಶತ ಸಾರಜನಕವೇ. ಅದನ್ನು 6.25ರಿಂದ ಗುಣಿಸಿದರೆ 416. ಅಂದರೆ 100 ಕೆಜಿ ಮಾಲಿಗೆ 1 ಕೆಜಿ ಮೆಲಮೈನ್ ಬೆರೆಸಿದರೆ ಕಾಗದದ ಮೇಲೆ ಪ್ರೋಟೀನ್ ಸುಮಾರು 4 ಅಂಶ ಏರುತ್ತದೆ. ನಮ್ಮಲ್ಲಿ ಮೆಲಮೈನ್ ಬೇಕಾಗಿಯೇ ಇಲ್ಲ, ಯೂರಿಯಾ ಸಾಕು. ಗೊಬ್ಬರದ ಯೂರಿಯಾದಲ್ಲಿ 46 ಪ್ರತಿಶತ ಸಾರಜನಕ. 14 ಪ್ರತಿಶತ ಪ್ರೋಟೀನಿನ ತೌಡು-ಹೊಟ್ಟಿನ ಮಿಶ್ರಣ 100 ಕೆಜಿಗೆ 2 ಕೆಜಿ ಯೂರಿಯಾ ಹಾಕಿದರೆ ಪರೀಕ್ಷೆಯಲ್ಲಿ 20ರ ಹತ್ತಿರ ಬರುತ್ತದೆ. ಮೆಲುಕು ಹಾಕುವ ದೊಡ್ಡ ದನ ಅಲ್ಪಸ್ವಲ್ಪ ಯೂರಿಯಾವನ್ನು ಹೊಟ್ಟೆಯ ಸೂಕ್ಷ್ಮಜೀವಿಗಳ ನೆರವಿನಿಂದ ಪ್ರೋಟೀನಾಗಿ ಮಾಡಿಕೊಳ್ಳುತ್ತದೆ, ಅದಕ್ಕೇ ದನದ ಸಂಯುಕ್ತ ಆಹಾರದ ಭಾರತೀಯ ಮಾನಕ ಐಎಸ್ 2052 1 ಪ್ರತಿಶತದವರೆಗೆ ಒಪ್ಪುತ್ತದೆ. ಸಣ್ಣ ಕರುವಿಗೆ, ನಾಯಿಗೆ, ಕೋಳಿಗೆ ಆ ಶಕ್ತಿ ಇಲ್ಲ. ಯೂರಿಯಾ ಸರಿಯಾಗಿ ಬೆರೆಯದೆ ಚೀಲದ ಒಂದು ಮೂಲೆಯಲ್ಲಿ ಗಂಟು ಕೂತಿದ್ದರೆ ದೊಡ್ಡ ದನವೂ ಹೊಟ್ಟೆ ಉಬ್ಬಿ, ನಡುಗಿ, ಕೆಲವೇ ತಾಸಿನಲ್ಲಿ ಬೀಳುತ್ತದೆ.

ಯೂರಿಯಾ ಇದೆಯೇ ಎಂದು ಮನೆಯಲ್ಲೇ ನೋಡಬಹುದು. ಬೈಲಹೊಂಗಲ ಕಡೆಯವರ ಮನೆಯಲ್ಲಿ ಸೋಯಾಬೀನ್ ಇದ್ದೇ ಇರುತ್ತದೆ. ಹಸಿ ಸೋಯಾ ಕಾಳನ್ನು ಹುರಿಯದೆ ಪುಡಿ ಮಾಡಿ. ಎರಡು ಚಮಚ ಹಿಂಡಿಯನ್ನು ಅರ್ಧ ಬಟ್ಟಲು ನೀರಿನಲ್ಲಿ ಕಲಕಿ, ಸೋಸಿ, ಅದಕ್ಕೆ ಅರ್ಧ ಚಮಚ ಸೋಯಾ ಪುಡಿ ಹಾಕಿ ಮುಚ್ಚಿಡಿ. ಐದು ನಿಮಿಷ ಬಿಟ್ಟು ಕೆಂಪು ಲಿಟ್ಮಸ್ ಕಾಗದ ಅದ್ದಿ ನೋಡಿ. ನೀಲಿಗೆ ತಿರುಗಿದರೆ, ಮುಚ್ಚಳ ತೆಗೆದಾಗ ಮೂಗಿಗೆ ಚುರ್ ಎಂದು ಅಮೋನಿಯಾ ಬಡಿದರೆ, ಯೂರಿಯಾ ಇದೆ. ಸೋಯಾದಲ್ಲಿರುವ ಒಂದು ಕಿಣ್ವ ಯೂರಿಯಾವನ್ನು ಒಡೆಯುವುದರಿಂದ ಹೀಗಾಗುತ್ತದೆ. ಹುರಿದ ಕಾಳಿನಲ್ಲಿ ಆ ಕಿಣ್ವ ಸತ್ತಿರುತ್ತದೆ, ಪರೀಕ್ಷೆ ನಡೆಯುವುದಿಲ್ಲ. ಇಷ್ಟಾದರೂ ಯೂರಿಯಾ ಇದೆ ಎಂದಷ್ಟೇ ತಿಳಿಯುತ್ತದೆ, 1 ಪ್ರತಿಶತವೋ 3 ಪ್ರತಿಶತವೋ ಎಂದು ತಿಳಿಯುವುದಿಲ್ಲ. ಮೆಲಮೈನನ್ನಂತೂ ಈ ಪರೀಕ್ಷೆ ಮುಟ್ಟುವುದೇ ಇಲ್ಲ. ಅದಕ್ಕೆ ದೊಡ್ಡ ಯಂತ್ರವಿರುವ ಪ್ರಯೋಗಾಲಯವೇ ಬೇಕು. ಗ್ರಾಹಕ ಎಷ್ಟೇ ಜಾಣನಾಗಿರಲಿ, ಅವನ ಕೈ ಎಲ್ಲಿಗೆ ನಿಲ್ಲುತ್ತದೆ ಎಂಬುದು ಇಲ್ಲಿ ಕಾಣುತ್ತದೆ.

ಮೆಲಮೈನ್ ಒಂದೇ ಹೊಟ್ಟೆಗೆ ಹೋದರೆ ಅಷ್ಟು ಕೊಲ್ಲುವ ವಸ್ತುವಲ್ಲ. ಆದರೆ 2007ರ ಮಾಲಿನಲ್ಲಿ ಅದರ ಜೊತೆ ಸಯನೂರಿಕ್ ಆಮ್ಲ ಎಂಬ ಇನ್ನೊಂದು ರಾಸಾಯನಿಕವೂ ಇತ್ತು. ಎರಡೂ ಬೇರೆ ಬೇರೆಯಾಗಿ ರಕ್ತದಲ್ಲಿ ಕರಗಿ ಹೋಗುತ್ತವೆ. ಕಿಡ್ನಿಯಲ್ಲಿ ಮೂತ್ರ ಗಟ್ಟಿಯಾಗುವ ಜಾಗದಲ್ಲಿ ಕೂಡಿದಾಗ, ನೀರಿನಲ್ಲಿ ಕರಗದ ಹರಳು ಕಟ್ಟುತ್ತವೆ. ಸೂಕ್ಷ್ಮದರ್ಶಕದಲ್ಲಿ ಅವು ಕಂದು ಬಣ್ಣದ ಪುಟ್ಟ ಗುಂಡುಗಳಂತೆ ಕಾಣುತ್ತವೆ. ಕೂದಲಿಗಿಂತ ಸಣ್ಣ ಕೊಳವೆಗಳು ಮುಚ್ಚಿಹೋಗಿ ಪ್ರಾಣಿ ಮೊದಲು ವಿಪರೀತ ನೀರು ಕುಡಿಯುತ್ತದೆ, ವಾಂತಿ ಮಾಡುತ್ತದೆ, ಕೊನೆಗೆ ಉಚ್ಚೆಯೇ ನಿಲ್ಲುತ್ತದೆ. 2004ರ ಸುಮಾರಿಗೆ ಏಷ್ಯಾದ ಹಲವು ದೇಶಗಳಲ್ಲಿ ನಾಯಿಗಳಿಗೆ ಕಿಡ್ನಿ ಹೋದಾಗ ಬೂಷ್ಟಿನ ವಿಷದ ಮೇಲೆ ಗುಮಾನಿ ಬಿದ್ದಿತ್ತು. ತೆಗೆದಿಟ್ಟಿದ್ದ ಆ ಕಿಡ್ನಿ ತುಣುಕುಗಳನ್ನು 2007ರ ನಂತರ ಮತ್ತೆ ನೋಡಿದಾಗ ಅಲ್ಲೂ ಇದೇ ಹರಳು ಸಿಕ್ಕವು. ಯಾರೋ ಪಶುವೈದ್ಯರು ತುಣುಕನ್ನು ಎಸೆಯದೆ ಇಟ್ಟಿದ್ದರಿಂದ ಸತ್ಯ ಹೊರಬಂತು. ತುಣುಕು ಇಡುವ ವಿಷಯಕ್ಕೆ ಮತ್ತೆ ಬರುತ್ತೇನೆ.

ಕಾನೂನು ಎಲ್ಲಿ ತೂತು ಬಿದ್ದಿತ್ತು? ಕಳಿಸುವ ಕಡೆ, ಆಹಾರವಲ್ಲದ ಸರಕು ಎಂಬ ಗುಂಪಿನಲ್ಲಿ ತೋರಿಸಿ ಕಡ್ಡಾಯ ತಪಾಸಣೆಯನ್ನು ತಪ್ಪಿಸಿದ್ದರು ಎಂದು ಅಮೆರಿಕದ ಆರೋಪಪಟ್ಟಿ ಹೇಳಿತು. ಕೊಳ್ಳುವ ಕಡೆ, ಪೂರೈಕೆದಾರನ ಕಾಗದವನ್ನೇ ನಂಬಿದ್ದರು. ಸರ್ಕಾರದ ಕಡೆ, ಅಲ್ಲಿಯ ಆಹಾರ-ಔಷಧ ಇಲಾಖೆಯಾದ ಎಫ್‌ಡಿಎಗೆ ಇಂಥ ಮಾಲನ್ನು ವಾಪಸ್ ತರಿಸಿ ಎಂದು ಆಜ್ಞೆ ಮಾಡುವ ಅಧಿಕಾರವೇ ಇರಲಿಲ್ಲ. ಕೇಳಿಕೊಳ್ಳಬಹುದಿತ್ತು, ಅಷ್ಟೇ. ಮಿಕ್ಕಿದ ಕೆಟ್ಟ ಪೆಟ್ ಫುಡ್ಡನ್ನು ಹಂದಿ, ಕೋಳಿಗಳಿಗೆ ಹಾಕಿದ್ದೂ ಆಮೇಲೆ ತಿಳಿಯಿತು. ಜನರಿಗೆ ಅಪಾಯ ಕಡಿಮೆ ಎಂದು ಅಧಿಕಾರಿಗಳು ಲೆಕ್ಕ ಹಾಕಿ ಹೇಳಿದರೂ, ನಾಯಿಯ ಆಹಾರ ಮನುಷ್ಯರ ತಾಟಿನವರೆಗೆ ನಡೆದುಬಂದದ್ದು ಸುಳ್ಳಾಗಲಿಲ್ಲ. 2011ರ ಜನವರಿಯಲ್ಲಿ ಸಹಿಯಾದ ಆಹಾರ ಸುರಕ್ಷತಾ ಕಾಯ್ದೆ ಎಫ್‌ಡಿಎಗೆ ಕಡ್ಡಾಯವಾಗಿ ವಾಪಸ್ ತರಿಸುವ ಅಧಿಕಾರ ಕೊಟ್ಟಿತು, ಪ್ರಾಣಿಗಳ ಆಹಾರಕ್ಕೂ ಅನ್ವಯಿಸುವಂತೆ.

ನಿಯಂತ್ರಣ ಬೇಡ ಎನ್ನುವವರ ಮಾತನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ಅವರ ಮೊದಲ ಮಾತು: ಅಧಿಕಾರಿ ಬಂದರೆ ಲಂಚ ಬರುತ್ತದೆ. ನಿಜವಿದೆ. ಚೀನಾದ ಆಹಾರ-ಔಷಧ ಇಲಾಖೆಯ ಮುಖ್ಯಸ್ಥನಾಗಿದ್ದ ಝೆಂಗ್ ಶಿಯಾವ್ಯೂನನ್ನು ಲಂಚದ ಅಪರಾಧಕ್ಕೆ 2007ರ ಜುಲೈ 10ರಂದು ಮರಣದಂಡನೆಗೆ ಗುರಿಪಡಿಸಿದರು. ಇಲಾಖೆ ಇತ್ತು, ಮೊಹರು ಇತ್ತು, ಕಾವಲು ಇರಲಿಲ್ಲ. ಎರಡನೇ ಮಾತು: ಒಳ್ಳೆಯ ಹೆಸರಿರುವ ಕಂಪನಿಯನ್ನು ಅದರ ಪಾಡಿಗೆ ಬಿಡಿ, ಹೆಸರು ಕೆಡಿಸಿಕೊಳ್ಳಲು ಯಾರೂ ಬಯಸುವುದಿಲ್ಲ. ಇದಕ್ಕೆ ಉತ್ತರ ಮರುವರ್ಷವೇ ಸಿಕ್ಕಿತು. ಸಾನ್ಲು ಚೀನಾದ ದೊಡ್ಡ ಹೆಸರಿನ ಡೇರಿ ಕಂಪನಿ. ಆ ಹೆಸರಿಗಾಗಿಯೇ ಅದಕ್ಕೆ ಸರ್ಕಾರಿ ತಪಾಸಣೆಯಿಂದ ವಿನಾಯಿತಿ ಇತ್ತು. ನೀರು ಬೆರೆಸಿದ ಹಾಲಿನಲ್ಲಿ ಪ್ರೋಟೀನ್ ಅಂಕಿ ಏರಿಸಲು ಅದೇ ಮೆಲಮೈನ್ ಸೇರಿತ್ತು. 2008ರಲ್ಲಿ ಸುಮಾರು 3 ಲಕ್ಷ ಹಸುಗೂಸುಗಳು ಕಾಯಿಲೆ ಬಿದ್ದವು, 6 ಕೂಸು ಸತ್ತವು. ನಾಯಿ-ಬೆಕ್ಕುಗಳು ಒಂದು ವರ್ಷ ಮೊದಲೇ ಸತ್ತು ತೋರಿಸಿದ್ದ ಮೋಸ ಅದು. ತಪಾಸಣೆ ವಿನಾಯಿತಿಯ ಪದ್ಧತಿಯನ್ನು ಆಮೇಲೆ ರದ್ದು ಮಾಡಿದರು.

ಮೂರನೇ ಮಾತು ನಮ್ಮ ಗೋಕಾಕ, ಜಮಖಂಡಿ, ಸಿಂದಗಿ ಕಡೆಯ ಸಣ್ಣ ಮಿಲ್ಲಿನವರದು, ನನಗೆ ಅತಿ ಭಾರವಾಗಿ ಕಾಣುವುದೂ ಅದೇ. ದಿನಕ್ಕೆ ಐದು-ಹತ್ತು ಟನ್ ಅರೆಯುವವನು ದೊಡ್ಡ ಕಾರ್ಖಾನೆಯಷ್ಟೇ ಕಾಗದ ತುಂಬಬೇಕು ಎಂದರೆ ಅವನು ಬಾಗಿಲು ಹಾಕುತ್ತಾನೆ, ದೊಡ್ಡವನಿಗೆ ಗಿರಾಕಿ ಸಿಗುತ್ತಾನೆ. ಆದರೂ ಅವನ ಹಿಂಡಿಯಲ್ಲಿ ವಿಷವಿದ್ದರೆ ಸಣ್ಣ ಮಿಲ್ಲಿನ ವಿಷವೆಂದು ಅದು ಸಣ್ಣದಾಗುವುದಿಲ್ಲ. ಹಾಗಾಗಿ ನಿಯಂತ್ರಣ ಬೇಕೋ ಬೇಡವೋ ಎಂದು ಜಗಳಾಡುವುದಕ್ಕಿಂತ, ಯಾವ ಕೆಲಸವನ್ನು ಸರ್ಕಾರವೇ ಮಾಡಬೇಕು ಎಂದು ಕೇಳುವುದು ಒಳ್ಳೆಯದು. ಅದನ್ನು ಹೇಳುವ ಮುನ್ನ ನಮ್ಮ ಕಾಯ್ದೆ, ನಮ್ಮ ಕಾಳು ಎರಡನ್ನೂ ನೋಡಬೇಕು.

ಕಾಯ್ದೆಯ ಸಂಗತಿ ಚಿಕ್ಕದು. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ ‘ಆಹಾರ’ ಎಂದರೇನು ಎಂದು ಹೇಳುವಾಗಲೇ ಪಶು ಆಹಾರವನ್ನು ಹೊರಗಿಟ್ಟಿದೆ. ಹಾಲನ್ನು ಪರೀಕ್ಷಿಸುವ ಅಧಿಕಾರಿ ಹಿಂಡಿ ಚೀಲದ ಮುಂದೆ ನಿಂತರೆ ಆ ಕಾಯ್ದೆಯಲ್ಲಿ ಅವನ ಕೈ ಕಟ್ಟಿದಂತೆಯೇ. 2020ರ ಜನವರಿಯಲ್ಲಿ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಹಾಲು-ಮಾಂಸದ ಪ್ರಾಣಿಗಳ ಸಿದ್ಧ ಆಹಾರ ಭಾರತೀಯ ಮಾನಕ ಸಂಸ್ಥೆಯ (ಬಿಐಎಸ್) ಮಾನಕಕ್ಕೆ ಒಪ್ಪಬೇಕು, ಚೀಲದ ಮೇಲೆ ಆ ಗುರುತು ಇರಬೇಕು ಎಂದು ಆದೇಶಿಸಿತು. ಆ ಆದೇಶದ ದಾರಿ ಹಾಲು-ಮಾಂಸದ ಮೂಲಕ ಹೋಗುತ್ತದೆ. ನಾಯಿ ಹಾಲು-ಮಾಂಸಕ್ಕೆಂದು ಸಾಕುವ ಪ್ರಾಣಿಯಲ್ಲ, ಆದ್ದರಿಂದ ನಾಯಿ ಅದರಲ್ಲಿಲ್ಲ. ದೇಶಕ್ಕೇ ಹೆಸರು ತಂದ ತಳಿ ಈ ಊರಿನದು. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂತು, ಸೈನ್ಯಕ್ಕೂ ಹೋಯಿತು, ಇಲ್ಲೇ ತಿಮ್ಮಾಪುರದಲ್ಲಿ ಅದಕ್ಕಾಗಿ ಸಂಶೋಧನಾ ಕೇಂದ್ರವಿದೆ. ಅಂಥ ನಾಯಿ ತಿನ್ನುವ ಚೀಲದ ಮೇಲೆ ಕಣ್ಣಿಡುವ ಗಟ್ಟಿ ಕಾಯ್ದೆ ಇಲ್ಲವೆಂಬುದು ನನ್ನನ್ನು ನೋಯಿಸುತ್ತದೆ.

ಇನ್ನು ಕಾಳು. ಮೆಲಮೈನ್ ಎಂದೋ ಒಮ್ಮೆ ಬರುವ ಕಳ್ಳ. ನಮ್ಮ ಭಾಗದ ನಿತ್ಯದ ವೈರಿ ಅಫ್ಲಾಟಾಕ್ಸಿನ್. ಹಸಿರು-ಹಳದಿ ಬಣ್ಣದ ಒಂದು ಬೂಷ್ಟು ಶೇಂಗಾ, ಗೋವಿನಜೋಳ, ಹತ್ತಿಕಾಳುಗಳ ಮೇಲೆ ಬೆಳೆದು ಬಿಡುವ ವಿಷ ಅದು. 1960ರಲ್ಲಿ ಇಂಗ್ಲೆಂಡಿನಲ್ಲಿ ಬ್ರೆಜಿಲ್‌ನ ಶೇಂಗಾ ಹಿಂಡಿ ತಿಂದು 1 ಲಕ್ಷ ಟರ್ಕಿ ಕೋಳಿಗಳು ಸತ್ತಾಗ ಜಗತ್ತಿಗೆ ಅದರ ಗುರುತು ಸಿಕ್ಕಿತು. ಕಾಳು ಕಟ್ಟುವಾಗ ಮಳೆ ಕೈಕೊಟ್ಟು, ರಾಶಿ ಮಾಡುವಾಗ ಮಳೆ ಹಿಡಿದರೆ ಅದಕ್ಕೆ ಹಬ್ಬ. ಇಂಡಿ, ಸಿಂದಗಿಯ ಶೇಂಗಾಕ್ಕೆ ಮೊದಲನೆಯ ಕಾಟ, ಬೆಳಗಾವಿ ಕಡೆಯ ಗೋವಿನಜೋಳಕ್ಕೆ ಎರಡನೆಯದು. ಕೆಲವು ವರ್ಷ ಎರಡೂ ಒಟ್ಟಿಗೆ ಬರುತ್ತವೆ.

ದನದ ಆಹಾರಕ್ಕೆ ಮಾನಕ ಹಾಕಿರುವ ಮಿತಿ 20 ಪಿಪಿಬಿ, ಅಂದರೆ ಕಿಲೋಗೆ 20 ಮೈಕ್ರೋಗ್ರಾಂ. 50 ಕೆಜಿ ಚೀಲಕ್ಕೆ ಲೆಕ್ಕ ಹಾಕಿದರೆ ಒಟ್ಟು 1 ಮಿಲಿಗ್ರಾಂ. ಒಂದು ಸಾಸಿವೆ ಕಾಳಿನ ತೂಕವೇ ಅದಕ್ಕಿಂತ ಹೆಚ್ಚು. ಅಷ್ಟು ವಿಷ ಇಡೀ ಚೀಲದಲ್ಲಿ ಸಮನಾಗಿ ಹರಡಿರುವುದೂ ಇಲ್ಲ. ಸಾವಿರ ಕಾಳಿನಲ್ಲಿ ಒಂದೆರಡು ಕಾಳು ತುಂಬಿಕೊಂಡಿರುತ್ತವೆ, ಉಳಿದವು ಶುದ್ಧ. ಒಂದು ಹಿಡಿ ತೆಗೆದು ಪರೀಕ್ಷೆಗೆ ಕಳಿಸಿ ‘ಇಲ್ಲ’ ಎಂದು ಬಂದರೆ ನೆಮ್ಮದಿಯಾಗಬೇಡಿ.

ಹಾಲಿನ ಲೆಕ್ಕ ಹೀಗೆ. ಆಕಳು ದಿನಕ್ಕೆ 6 ಕೆಜಿ ಹಿಂಡಿ ತಿಂದು 10 ಲೀಟರ್ ಕೊಡುತ್ತದೆ ಎನ್ನಿ. ಹಿಂಡಿಯಲ್ಲಿ 100 ಪಿಪಿಬಿ ಇದ್ದರೆ ಹೊಟ್ಟೆಗೆ ಹೋಗುವುದು 600 ಮೈಕ್ರೋಗ್ರಾಂ. ಅದರ ಸುಮಾರು 2 ಪ್ರತಿಶತ ರೂಪ ಬದಲಿಸಿ ಅಫ್ಲಾಟಾಕ್ಸಿನ್ ಎಂ1 ಆಗಿ ಹಾಲಿಗೆ ಇಳಿಯುತ್ತದೆ, ಅಂದರೆ 12 ಮೈಕ್ರೋಗ್ರಾಂ. ಲೀಟರಿಗೆ 1.2. ಹಾಲಿಗೆ ನಮ್ಮ ದೇಶದ ಮಿತಿ 0.5. ಅದೇ ಹಿಂಡಿ 20 ಪಿಪಿಬಿ ಇದ್ದಿದ್ದರೆ ಲೀಟರಿಗೆ 0.24 ಬರುತ್ತಿತ್ತು. 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಹಾಲು ಸಮೀಕ್ಷೆಯಲ್ಲಿ 6,432 ಮಾದರಿ ನೋಡಿದರು, 5.7 ಪ್ರತಿಶತದಲ್ಲಿ ಎಂ1 ಮಿತಿ ಮೀರಿತ್ತು. ಆ ವಿಷವನ್ನು ಹಾಲಿಗೆ ಯಾರೂ ಬೆರೆಸಿರಲಿಲ್ಲ, ಮೇವಿನಿಂದ ಬಂದದ್ದು ಅದು. ಹಾಲು ಕಾಯಿಸಿದರೆ ಹೋಗುವುದಿಲ್ಲ. ಒಳ್ಳೆಯ ಸುದ್ದಿ ಒಂದಿದೆ: ಕೆಟ್ಟ ಹಿಂಡಿ ನಿಲ್ಲಿಸಿದ ಮೂರು-ನಾಲ್ಕು ದಿನಕ್ಕೆ ಹಾಲು ತಿಳಿಯಾಗುತ್ತದೆ.

ನಾಯಿಗೆ ಅಂಥ ರಿಯಾಯಿತಿ ಇಲ್ಲ. ಅದರ ಲಿವರ್ ಈ ವಿಷಕ್ಕೆ ಬಹಳ ಬೇಗ ಸೋಲುತ್ತದೆ. 2020ರ ಡಿಸೆಂಬರ್ ಕೊನೆಗೆ ಅಮೆರಿಕದಲ್ಲಿ ಸ್ಪೋರ್ಟ್‌ಮಿಕ್ಸ್ ಎಂಬ ಒಣ ಆಹಾರವನ್ನು ವಾಪಸ್ ಪಡೆದಾಗ, ಮಿತಿ 20 ಇರುವ ಕಡೆ 558 ಪಿಪಿಬಿವರೆಗೆ ಸಿಕ್ಕಿತ್ತು. 110ಕ್ಕೂ ಹೆಚ್ಚು ನಾಯಿಗಳು ಸತ್ತವು. ಕಾಯ್ದೆ ಬಂದು ಹತ್ತು ವರ್ಷವಾಗಿತ್ತು ಆಗ. ಕಾಯ್ದೆ ಕಾಗದದಲ್ಲಿದ್ದು, ಕಾಳಿನ ಲಾರಿ ಗೇಟಿಗೆ ಬಂದಾಗ ಸರಿಯಾಗಿ ಮಾದರಿ ತೆಗೆಯದಿದ್ದರೆ ಇಷ್ಟೇ ಆಗುತ್ತದೆ.

ವಿಷ ಎಲ್ಲೆಲ್ಲಿ ಗಟ್ಟಿಯಾಗುತ್ತದೆ ನೋಡಿ. ಶೇಂಗಾ ಆರಿಸುವಾಗ ಮುರುಟಿದ್ದು, ಬಣ್ಣ ಕೆಟ್ಟದ್ದು, ಒಡೆದದ್ದು ತೆಗೆದಿಡುತ್ತಾರೆ. ವಿಷದ ದೊಡ್ಡ ಪಾಲು ಅದರಲ್ಲೇ ಇರುತ್ತದೆ. ಆ ಆರಿಸಿ ಬಿಟ್ಟ ಕಾಳು ಗಾಣಕ್ಕೆ ಹೋಗುತ್ತದೆ. ಎಣ್ಣೆಗೆ ಸ್ವಲ್ಪವೇ ಹೋಗಿ ಉಳಿದದ್ದು ಹಿಂಡಿಯಲ್ಲಿ ಕೂರುತ್ತದೆ. ಸಿಪ್ಪೆ ಸುಲಿಯುವ ಯಂತ್ರದಲ್ಲಿ ಕಾಳು ಒಡೆಯಬಾರದೆಂದು ಕಾಯಿಗೆ ನೀರು ಚಿಮುಕಿಸುವ ರೂಢಿ ಇದೆ, ಅದು ಬೂಷ್ಟಿಗೆ ಕೊಟ್ಟ ಆಹ್ವಾನ. ಇನ್ನೊಂದು ಹೊಸದು: ಗೋವಿನಜೋಳದಿಂದ ಎಥನಾಲ್ ತೆಗೆದ ಮೇಲೆ ಉಳಿಯುವ ಡಿಡಿಜಿಎಸ್. ಅಗ್ಗ, ಪ್ರೋಟೀನೂ ಚೆನ್ನಾಗಿದೆ, ಮಿಲ್ಲಿನವರು ಹೆಚ್ಚು ಹೆಚ್ಚು ಬಳಸುತ್ತಿದ್ದಾರೆ. ಕಾಳಿನ ಮೂರನೇ ಎರಡು ಭಾಗ ಪಿಷ್ಟ ಹೋಗಿಬಿಡುವುದರಿಂದ ಉಳಿದ ಒಂದು ಭಾಗದಲ್ಲಿ ವಿಷ ಮೂರು ಪಟ್ಟಾಗುತ್ತದೆ. ಕಾಳಿನಲ್ಲಿ 15 ಇದ್ದದ್ದು ಅಲ್ಲಿ 45. ಮಿಲ್ಲಿನ ಉಗಿಗೆ ಬೂಷ್ಟು ಸಾಯುತ್ತದೆ, ವಿಷ ಸಾಯುವುದಿಲ್ಲ. ನೋಡಲು ಸ್ವಚ್ಛವಾದ ಗುಳಿಗೆಯಲ್ಲೂ ಅದು ಇರಬಹುದು.

ರೈತರ ಕೈಯಲ್ಲಿರುವುದು ಒಣಗಿಸುವಿಕೆ. ಗೋವಿನಜೋಳ ಮುರಿಯುವಾಗ ತೇವಾಂಶ 20-25 ಪ್ರತಿಶತ ಇರುತ್ತದೆ, ಚೀಲಕ್ಕೆ ತುಂಬುವಾಗ 12-13ಕ್ಕೆ ಇಳಿದಿರಬೇಕು. ಶೇಂಗಾ ಕಾಳಿಗೆ 7-8. ಯಂತ್ರವಿಲ್ಲದವರು ಒಣಗಿದ ಗಾಜಿನ ಬಾಟಲಿಗೆ ಮೂರನೇ ಒಂದು ಭಾಗ ಕಾಳು ಹಾಕಿ, ಎರಡು-ಮೂರು ಚಮಚ ಚೆನ್ನಾಗಿ ಒಣಗಿದ ಪುಡಿ ಉಪ್ಪು ಸೇರಿಸಿ, ಒಂದು ನಿಮಿಷ ಅಲುಗಾಡಿಸಿ ಕಾಲು ತಾಸು ಬಿಡಿ. ಉಪ್ಪು ಗಾಜಿಗೆ ಅಂಟಿದರೆ ತೇವ 15ಕ್ಕಿಂತ ಮೇಲಿದೆ, ಇನ್ನೆರಡು ಬಿಸಿಲು ಬೇಕು. ಚೀಲವನ್ನು ನೆಲಕ್ಕೆ ಇಡದೆ ಹಲಗೆಯ ಮೇಲೆ ಇಡಿ, ಗೋಡೆಗೆ ಒತ್ತರಿಸಬೇಡಿ. ನೆಲದಡಿಯ ಹಗೇವು ಒಣ ನೆಲದ ಒಣ ಜೋಳಕ್ಕೆ ಹಿರಿಯರು ಮಾಡಿದ್ದು, ಹಸಿ ಗೋವಿನಜೋಳಕ್ಕೆ ಅದು ತಕ್ಕುದಲ್ಲ.

ಮನೆಯಲ್ಲೊಂದು ಅಭ್ಯಾಸವಿದೆ. ಬೂಷ್ಟು ಬಂದ ರೊಟ್ಟಿ, ಮುಗ್ಗಿದ ಶೇಂಗಾ, ಹಳಸಿದ ನುಚ್ಚು ಕಂಡರೆ ‘ನಾಯಿಗೆ ಹಾಕು’ ಎನ್ನುತ್ತೇವೆ. ಬೂಷ್ಟು ಬಂದ ರೊಟ್ಟಿಯಲ್ಲಿ ನಾಯಿಗೆ ನಡುಕ, ಸೆಳೆತ ತರುವ ಬೇರೆ ವಿಷಗಳೂ ಇರುತ್ತವೆ. ದಯವಿಟ್ಟು ಹಾಕಬೇಡಿ.

ಪೇಟೆಯ ಒಣ ಆಹಾರ ಕೊಳ್ಳುವವರಿಗೆ ಒಂದು ಮಾತು. ಪ್ಯಾಕೆಟ್ ಒಡೆದು ಸ್ಟೀಲ್ ಡಬ್ಬಿಗೆ ಸುರಿದು ಪ್ಯಾಕೆಟ್ ಎಸೆಯುತ್ತೇವೆ. ಅಲ್ಲಿಗೆ ಬ್ಯಾಚ್ ನಂಬರು ಹೋಯಿತು. ನಾಳೆ ನಾಯಿ ಕಾಯಿಲೆ ಬಿದ್ದರೆ ಯಾವ ದಿನದ ಮಾಲು ಎಂದು ಹೇಳಲು ಬಾಯಿಲ್ಲ. ಪ್ಯಾಕೆಟ್ ಸಮೇತ ಡಬ್ಬಿಯೊಳಗೆ ಇಡಿ, ಬಾಯಿ ಮಡಚಿ ಕ್ಲಿಪ್ ಹಾಕಿ. ಹಳೆಯದರ ತಳದ ಮೇಲೆ ಹೊಸದನ್ನು ಸುರಿಯಬೇಡಿ, ತಳದ ಕೊಬ್ಬು ಕಮಟಿರುತ್ತದೆ.

ನಾಯಿ ಊಟ ಬಿಟ್ಟು ಮಂಕಾಗಿ, ವಾಂತಿ ಮಾಡಿ, ಒಸಡು-ಕಣ್ಣು ಹಳದಿಯಾದರೆ, ಮಲದಲ್ಲಿ ರಕ್ತ ಕಂಡರೆ ಲಿವರ್ ಕೆಟ್ಟಿರಬಹುದು. ನೀರು ಬಹಳ ಕುಡಿದು ಪದೇ ಪದೇ ಉಚ್ಚೆ ಹೊಯ್ದು ಆಮೇಲೆ ನಿಂತರೆ ಕಿಡ್ನಿ ಕೆಟ್ಟಿರಬಹುದು. ಆಹಾರ ತಕ್ಷಣ ನಿಲ್ಲಿಸಿ, ಅದೇ ದಿನ ಪಶುವೈದ್ಯರಲ್ಲಿಗೆ ಒಯ್ಯಿರಿ, ಆಹಾರದ ಪ್ಯಾಕೆಟ್ಟನ್ನೂ ಒಯ್ಯಿರಿ. ಅಫ್ಲಾಟಾಕ್ಸಿನ್‌ಗೆ ಪ್ರತಿವಿಷವಿಲ್ಲ, ಬೇಗ ಹೋದಷ್ಟು ಉಳಿಸಿಕೊಳ್ಳುವ ಅವಕಾಶ ಹೆಚ್ಚು. ಪ್ರಾಣಿ ಸತ್ತರೆ ಹೂಳಲು ಅವಸರ ಮಾಡಬೇಡಿ. ದೇಹವನ್ನು ಮಂಜುಗಡ್ಡೆಯ ಮೇಲೆ ತಂಪಾಗಿಡಿ, ಹೆಪ್ಪುಗಟ್ಟಿಸಬೇಡಿ. ಮರಣೋತ್ತರ ಪರೀಕ್ಷೆಯಲ್ಲಿ ಲಿವರ್, ಕಿಡ್ನಿಯ ತೆಳ್ಳನೆ ತುಣುಕು 10 ಪ್ರತಿಶತ ಫಾರ್ಮಲಿನ್‌ನಲ್ಲಿ, ಇನ್ನೊಂದು ತುಣುಕು ಫ್ರೀಜರಿನಲ್ಲಿ ಇರಲಿ. ಮೆಲಮೈನಿನ ಗುಮಾನಿ ಇದ್ದರೆ ವೈದ್ಯರಿಗೆ ಮೊದಲೇ ಹೇಳಿ, ಬಹಳ ದಿನ ಫಾರ್ಮಲಿನ್‌ನಲ್ಲಿದ್ದರೆ ಆ ಹರಳು ಕರಗಿಹೋಗುತ್ತವೆ.

ಹಿಂಡಿಯ ಮಾದರಿ ತೆಗೆಯುವುದೂ ಒಂದು ಕಲೆ. ಒಂದೇ ಚೀಲದ ಬಾಯಿಂದ ಹಿಡಿ ತೆಗೆಯಬೇಡಿ. ಹತ್ತು ಚೀಲವಿದ್ದರೆ ಹತ್ತರಿಂದಲೂ, ಮೇಲೆ-ನಡುವೆ-ತಳದಿಂದ ತೆಗೆದು ಆರು ಕೆಜಿ ಕೂಡಿಸಿ. ಪುಡಿ ಮಾಡಿ ಒಣ ತಾಡಪಾಲಿನ ಮೇಲೆ ಗುಪ್ಪೆ ಹಾಕಿ, ಚಪ್ಪಟೆ ಮಾಡಿ ನಾಲ್ಕು ಪಾಲು ಮಾಡಿ. ಎದುರುಬದುರಿನ ಎರಡು ಪಾಲು ಇಟ್ಟುಕೊಂಡು ಉಳಿದೆರಡು ಸರಿಸಿ, ಮತ್ತೆ ಕಲಸಿ ಹಾಗೆಯೇ ಮಾಡಿ, ಒಂದೂವರೆ ಕೆಜಿಗೆ ಇಳಿಯುವವರೆಗೆ. ಅರ್ಧ ಅರ್ಧ ಕೆಜಿಯ ಮೂರು ಪೊಟ್ಟಣ ಕಟ್ಟಿ: ಒಂದು ಪ್ರಯೋಗಾಲಯಕ್ಕೆ, ಒಂದು ಮಾರಿದವರಿಗೆ, ಒಂದು ನಿಮಗೆ. ತೇವವಿದ್ದರೆ ಪ್ಲಾಸ್ಟಿಕ್ ಬೇಡ, ಬೆವೆತು ದಾರಿಯಲ್ಲೇ ಬೂಷ್ಟು ಬೆಳೆಯುತ್ತದೆ. ದಪ್ಪ ಕಾಗದದ ಚೀಲ ಒಳ್ಳೆಯದು. ಪಾವತಿ (ರಸೀದಿ) ಇಲ್ಲದೆ ಹಿಂಡಿ ಕೊಳ್ಳಬೇಡಿ. ಪಾವತಿ ಇದ್ದರೆ 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗಕ್ಕೆ ಎರಡು ವರ್ಷದೊಳಗೆ ಹೋಗಬಹುದು, 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ಆಯೋಗವೇ ಮಾದರಿಯನ್ನು ಮೊಹರು ಮಾಡಿ ಪ್ರಯೋಗಾಲಯಕ್ಕೆ ಕಳಿಸುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ರೈತನ ಕೈಗೆ ಎಟುಕದ್ದು ಉಳಿಯುತ್ತದೆ, ಸರ್ಕಾರ ಬರಬೇಕಾದದ್ದು ಅಲ್ಲಿಗೆ. ಪ್ರತಿ ಮಿಲ್ಲು ಪ್ರತಿ ಬ್ಯಾಚಿನ ಅರ್ಧ ಕೆಜಿ ಮಾದರಿಯನ್ನು ಆರು ತಿಂಗಳು ಇಡಬೇಕು, ಚೀಲದ ಮೇಲೆ ಬ್ಯಾಚ್ ನಂಬರ್ ಇರಬೇಕು. ಸಣ್ಣ ಮಿಲ್ಲಿಗೂ ಇದರ ಖರ್ಚು ಒಂದು ಕಪಾಟು, ಒಂದು ನೋಟ್‌ಬುಕ್ಕು. ಲಾರಿ ಗೇಟಿಗೆ ಬಂದಾಗ ಅಫ್ಲಾಟಾಕ್ಸಿನ್ ತೋರಿಸುವ ಸ್ಟ್ರಿಪ್ ಪರೀಕ್ಷೆ ಆಗಬೇಕು. ಇದರ ಖರ್ಚನ್ನು ಸಣ್ಣವರ ತಲೆಗೆ ಪೂರ್ತಿ ಕಟ್ಟದೆ ಎಪಿಎಂಸಿ ಆವರಣದಲ್ಲೇ ಸರ್ಕಾರಿ ಪರೀಕ್ಷಾ ಮೇಜು ಇಡಲಿ. ಕಚ್ಚಾ ಪ್ರೋಟೀನಿನ ಜೊತೆ ಯೂರಿಯಾದ ಅಂಕಿಯನ್ನೂ ಚೀಲದ ಮೇಲೆ ಅಚ್ಚು ಹಾಕಿಸಲಿ. ಕೆಟ್ಟ ಬ್ಯಾಚನ್ನು ವಾಪಸ್ ತರಿಸುವ ಅಧಿಕಾರ ಒಬ್ಬ ಹೆಸರಿರುವ ಅಧಿಕಾರಿಗೆ ಇರಲಿ, ನಾಯಿಯ ಆಹಾರವೂ ಅದರೊಳಗೆ ಬರಲಿ. ಫಲಿತಾಂಶವನ್ನು ಕಡತದಲ್ಲಿ ಇಡದೆ ಪಂಚಾಯ್ತಿ ಬೋರ್ಡಿಗೆ, ಡೇರಿಯ ಬಾಗಿಲಿಗೆ ಹಚ್ಚಲಿ. ಫಲಿತಾಂಶ ಬಹಿರಂಗವಾದ ಕಡೆ ಲಂಚಕ್ಕೆ ಜಾಗ ಕಡಿಮೆ.

ಮಾತು ಮುಗಿದ ಮೇಲೆ ಬಂದ ಎರಡು ಪ್ರಶ್ನೆಗಳನ್ನು ಇಲ್ಲಿ ಸೇರಿಸಿದೆ.

‘ಬೂಷ್ಟು ಹಿಡಿದ ಹಿಂಡಿಯನ್ನು ಬಿಸಿಲಿಗೆ ಹಾಕಿ, ಕುದಿಸಿ ಕೊಟ್ಟರೆ ಆಗುವುದಿಲ್ಲವೇನ್ರಿ?’ ಎಂದು ಒಬ್ಬ ತಾಯಿ ಕೇಳಿದರು. ಬಿಸಿಲಿಗೆ ಬೂಷ್ಟಿನ ಬೆಳವಣಿಗೆ ನಿಲ್ಲುತ್ತದೆ, ಆಗಲೇ ಬಿಟ್ಟ ವಿಷ ಹೋಗುವುದಿಲ್ಲ. ಮನೆಯ ಒಲೆಯ ಕುದಿ ಅದಕ್ಕೆ ಏನೂ ಮಾಡದು. ಬೆಂಟೊನೈಟ್‌ನಂಥ ಜೇಡಿ ಪುಡಿಗಳನ್ನು ಮಿಲ್ಲಿನಲ್ಲಿ ಬೆರೆಸಿದರೆ ಹೊಟ್ಟೆಯಲ್ಲಿ ವಿಷವನ್ನು ಸ್ವಲ್ಪ ಹಿಡಿದಿಡುತ್ತವೆ. ಅದು ಸಣ್ಣ ಪ್ರಮಾಣಕ್ಕೆ ಆಸರೆ ಅಷ್ಟೇ, ಮುಗ್ಗಿದ ಹಿಂಡಿಗೆ ಔಷಧಿ ಅಲ್ಲ.

‘ಹಂಗಾರ ಕೆಟ್ಟ ಗೋವಿನಜೋಳ ಏನ್ ಮಾಡೂದ್ರಿ? ಎಥನಾಲ್ ಫ್ಯಾಕ್ಟರಿಗೆ ಕೊಟ್ಟರೆ ಮುಗೀತಲ್ಲ?’ ಎಂಬುದು ಇನ್ನೊಬ್ಬ ರೈತರ ಪ್ರಶ್ನೆ. ಎಥನಾಲ್ ಜೊತೆ ವಿಷ ಹೋಗುವುದಿಲ್ಲ, ಉಳಿದ ಡಿಡಿಜಿಎಸ್‌ನಲ್ಲಿ ಮೂರು ಪಟ್ಟಾಗಿ ಕೂತು ಹಿಂಡಿ ಚೀಲದಲ್ಲಿ ನಿಮ್ಮ ಕೊಟ್ಟಿಗೆಗೇ ಮರಳಬಹುದು. ಕೊಡುವ ಮುನ್ನ ಕಾಳಿನ ಸ್ಥಿತಿ ಹೇಳಿಯೇ ಕೊಡಿ, ಆ ಲಾಟಿನ ಉಳಿಕೆಯನ್ನು ಪಶು ಆಹಾರಕ್ಕೆ ಮಾರುತ್ತಾರೋ ಎಂದು ಬರಹದಲ್ಲಿ ಕೇಳಿ. ಉತ್ತರ ಸಿಗದಿದ್ದರೆ, ಒಂದೆರಡು ಚೀಲದ ಮಾತಾದರೆ, ದನ-ಕೋಳಿ ಕೈ ಹಾಕದಂತೆ ತಿಪ್ಪೆಯ ಗುಂಡಿಯಲ್ಲಿ ಆಳಕ್ಕೆ ಹಾಕಿ ಮೇಲೆ ಸಗಣಿ, ಮಣ್ಣು ಮುಚ್ಚಿ. ಎತ್ತಿ ಹಾಕುವಾಗ ಮೂಗು-ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ, ಆ ಧೂಳು ನಿಮಗೂ ಒಳ್ಳೆಯದಲ್ಲ.